ಫೋನಿನ ಬೇರಿಗೆ ಕೈ ಹಾಕಿದ ಹುಡುಗ

ಮೂಡಲಗಿಯ ಆ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಯಾರಿಗೂ ಪುರಸೊತ್ತು ಇರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗು ಹೊಲದಲ್ಲಿ, ಟ್ರ್ಯಾಕ್ಟರು ಕಾರ್ಖಾನೆಯ ಮುಂದಿನ ಸಾಲಿನಲ್ಲಿ, ಮನೆಯ ಯಜಮಾನ ಇವೆರಡರ ನಡುವೆ. 2024ರ ಡಿಸೆಂಬರಿನ ಒಂದು ರಾತ್ರಿ ಆತ ದಣಿದು ಮಲಗಿದ ಮೇಲೆ, ಪಿಯುಸಿ ಎರಡನೆಯ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದ ಮಗ ಅಪ್ಪನ ಫೋನನ್ನು ಮೆಲ್ಲಗೆ ಎತ್ತಿಕೊಂಡು ಮಾಳಿಗೆ ಹತ್ತಿದ. ಅಲ್ಲಿ ಗೆಳೆಯನಿಂದ ತಂದಿಟ್ಟಿದ್ದ ಲ್ಯಾಪ್‌ಟಾಪು, ಒಂದು ಕೇಬಲ್ಲು ಕಾದಿದ್ದವು.

ಹುಡುಗನ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಫೋನು ನಾಲ್ಕು ವರ್ಷ ಹಳೆಯದು. ಕರೆ ಬಂದರೆ ಪರದೆ ಏಳುವುದರೊಳಗೆ ಕರೆಯೇ ಕಡಿದುಹೋಗುತ್ತಿತ್ತು. ಕೊಳ್ಳುವಾಗಲೇ ಕಂಪನಿ ತುಂಬಿ ಕಳಿಸಿದ್ದ ಹತ್ತಾರು ಆ್ಯಪ್‌ಗಳು, ಅವುಗಳ ಜಾಹೀರಾತುಗಳು. ಅಳಿಸಹೋದರೆ ಅಳಿಸಲು ಬಿಡುತ್ತಿರಲಿಲ್ಲ. ಅಪ್ಪನಿಗೆ ಹೊಸ ಫೋನು ಕೊಳ್ಳುವ ಮನಸ್ಸಿಲ್ಲ. ‘ಇದನ್ನೇ ರೂಟ್ ಮಾಡಿದರೆ ಹೊಸದರಂತೆ ಓಡುತ್ತದೆ’ ಎಂದು ಹುಡುಗ ಎಲ್ಲೋ ನೋಡಿದ್ದ. ಆ ಕಂಪನಿಯ ನಿಯಮದಂತೆ ಬೀಗ ತೆಗೆಯಲು ಅರ್ಜಿ ಹಾಕಿ, ಯಾರಿಗೂ ಹೇಳದೆ ಒಂದು ವಾರ ಕಾದಿದ್ದ.

ರೂಟ್ ಎಂದರೇನು? ಬೇರು ಎಂಬ ಅರ್ಥದ ಈ ಮಾತು ಹಳೆಯ ಯುನಿಕ್ಸ್ ಗಣಕಗಳಿಂದ ಬಂದದ್ದು. ಅಲ್ಲಿ ಎಲ್ಲ ಅಧಿಕಾರವುಳ್ಳ ಬಳಕೆದಾರನ ಹೆಸರೇ ರೂಟ್. ಆ್ಯಂಡ್ರಾಯ್ಡ್ ನಿಂತಿರುವುದು ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳಿನ ಮೇಲೆ. ಆದ್ದರಿಂದ ಅದೇ ವ್ಯವಸ್ಥೆ ನಮ್ಮ ಕಿಸೆಯ ಫೋನಿಗೂ ಬಂದಿದೆ. ದೊಡ್ಡ ವಾಡೆಯೊಂದನ್ನು ಕಲ್ಪಿಸಿಕೊಳ್ಳಿ. ಒಂದೊಂದು ಖೋಲಿಯಲ್ಲಿ ಒಂದೊಂದು ಬಾಡಿಗೆದಾರ. ತನ್ನ ಖೋಲಿಯ ಕೀಲಿಕೈ ಮಾತ್ರ ಅವನ ಬಳಿ. ಪಕ್ಕದ ಖೋಲಿಗೆ ಹೋಗುವಂತಿಲ್ಲ. ಫೋನಿನಲ್ಲಿ ಪ್ರತಿ ಆ್ಯಪೂ ಇಂಥ ಒಬ್ಬ ಬಾಡಿಗೆದಾರ. ಪ್ರತಿಯೊಂದಕ್ಕೂ ಒಳಗೊಂದು ಸಂಖ್ಯೆ ಉಂಟು. ನಾವು ಹಾಕಿಕೊಳ್ಳುವ ಆ್ಯಪ್‌ಗಳ ಸಂಖ್ಯೆ 10000ದಿಂದ ಆರಂಭ. ವಾಡೆಯ ಯಜಮಾನನ ಸಂಖ್ಯೆ 0. ಅವನೇ ರೂಟ್. ಎಲ್ಲ ಖೋಲಿಗಳ ಕೀಲಿಕೈ ಗೊಂಚಲು ಅವನ ಸೊಂಟದಲ್ಲಿ.

ವಿಚಿತ್ರವೆಂದರೆ, ಹಣ ಕೊಟ್ಟು ಫೋನು ಕೊಂಡವನಿಗೆ ಈ ಗೊಂಚಲು ಸಿಗುವುದಿಲ್ಲ. ಅವನೂ ತನ್ನ ಫೋನಿನೊಳಗೆ ಬಾಡಿಗೆದಾರನೇ. ಇದು ಅನ್ಯಾಯವೆಂದು ವಾದಿಸುವವರು ಮೊದಲಿನಿಂದಲೂ ಇದ್ದಾರೆ. ಅವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಅಮೆರಿಕದಲ್ಲಿ ಫೋನಿನ ಇಂಥ ಬೀಗ ಒಡೆಯುವುದು ಕೃತಿಸ್ವಾಮ್ಯ ಕಾಯಿದೆಗೆ ವಿರುದ್ಧವಲ್ಲವೆಂದು 2010ರಲ್ಲಿ ವಿನಾಯಿತಿ ಕೊಟ್ಟರು. ಟ್ಯಾಬ್ಲೆಟ್ಟುಗಳಿಗೆ ಅದೇ ವಿನಾಯಿತಿ ಸಿಗಲು 2015ರವರೆಗೆ ಕಾಯಬೇಕಾಯಿತು. ಫೋನಿಗೂ ಟ್ಯಾಬಿಗೂ ಪರದೆಯ ಅಳತೆ ಬಿಟ್ಟರೆ ಏನು ಭೇದವೋ, ಕಾನೂನು ಪಂಡಿತರೇ ಹೇಳಬೇಕು!

ಮೊಟ್ಟಮೊದಲ ಆ್ಯಂಡ್ರಾಯ್ಡ್ ಫೋನಿನ ಬೀಗ ತೆರೆದ ಕಥೆ ತಮಾಷೆಯದು. 2008ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಜಿ-1 ಎಂಬ ಫೋನಿನಲ್ಲಿ ಒಂದು ಲೋಪ ಉಳಿದುಬಿಟ್ಟಿತ್ತು. ಬಳಕೆದಾರ ಎಲ್ಲಿ ಏನನ್ನು ಬರೆದರೂ, ಆ ಅಕ್ಷರಗಳು ಪರದೆಯ ಹಿಂದೆ ರೂಟ್ ಯಜಮಾನನ ಅಪ್ಪಣೆಯಾಗಿಯೂ ಹೋಗುತ್ತಿದ್ದವು. ಯಾರೋ ಗೆಳೆಯರಿಗೆ ಸಂದೇಶ ಬರೆಯುತ್ತ ‘ರೀಬೂಟ್’ ಎಂಬ ಶಬ್ದ ಒತ್ತಿದರೆ ಫೋನು ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಗೂಗಲ್ ಕೂಡಲೇ ಅದನ್ನು ಸರಿಪಡಿಸಿತು. ಅಷ್ಟರಲ್ಲಿ ಹುಡುಕುವವರು ಹೊಕ್ಕು ನೋಡಿಯಾಗಿತ್ತು. ಮರುವರ್ಷವೇ ಸ್ಟೀವ್ ಕೊಂಡಿಕ್ ಎಂಬಾತ ಸಯನೋಜೆನ್‌ಮಾಡ್ ಎಂಬ ಬದಲಿ ವ್ಯವಸ್ಥೆಯನ್ನು ಹೊರತಂದ. 2016ರ ಕೊನೆಯಲ್ಲಿ ಅದು ನಿಂತಾಗ ಅದೇ ಕೆಲಸ ಲೀನಿಯೇಜ್ ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಮೂಡಲಗಿಯ ಈ ಮನೆಗೆ ರೂಟ್ ಹೊಸ ಮಾತಾಗಿರಲಿಲ್ಲ. ಹುಡುಗನ ದೊಡ್ಡಪ್ಪನ ಮಗ 2011ರಲ್ಲಿ ಬೆಳಗಾವಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾಗ, ಉಳಿಸಿದ ದುಡ್ಡಿನಲ್ಲಿ ಅಗ್ಗದ ಆ್ಯಂಡ್ರಾಯ್ಡ್ ಫೋನೊಂದನ್ನು ಕೊಂಡಿದ್ದ. ರಜೆಗೆ ಊರಿಗೆ ಬಂದು ಅಜ್ಜನಿಗೆ ಕನ್ನಡ ಪತ್ರಿಕೆ ತೋರಿಸಲು ಹೋದರೆ ಪರದೆಯ ತುಂಬ ಖಾಲಿ ಚೌಕಗಳು! ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಆಗಿನ 2.2, 2.3 ಆವೃತ್ತಿಗಳಲ್ಲಿ ಕನ್ನಡದ ಲಿಪಿಯೇ ಇರಲಿಲ್ಲ. ಒಪೇರಾ ಮಿನಿ ಎಂಬ ಬ್ರೌಸರಿನಲ್ಲಿ ಗುಪ್ತವಾದ ಒಂದು ಪುಟ ತೆರೆದು, ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸು ಎಂದು ಹೇಳಿದರೆ ಕನ್ನಡ ಮೂಡುತ್ತಿತ್ತು. ಅದು ಆ ಬ್ರೌಸರಿನ ಒಳಗೆ ಮಾತ್ರ. ಸಂದೇಶದಲ್ಲಿ, ಹೆಸರುಗಳ ಪಟ್ಟಿಯಲ್ಲಿ ಮತ್ತೆ ಚೌಕಗಳೇ.

ಆ ಅಣ್ಣ ಹಟ ಹಿಡಿದ. ಫೋನನ್ನು ರೂಟ್ ಮಾಡಿ, ಅಕ್ಷರಗಳ ಕಡತವಿರುವ ಜಾಗಕ್ಕೆ ಹೊಕ್ಕು, ಮೂಲ ಕಡತದ ಬದಲು ಕನ್ನಡವೂ ಇರುವ ಕಡತವೊಂದನ್ನು ಅದೇ ಹೆಸರಿನಲ್ಲಿ ಇಟ್ಟ. ಫೋನು ಮತ್ತೆ ಹೊತ್ತಿಕೊಂಡಾಗ ಚೌಕಗಳು ಮಾಯವಾಗಿದ್ದವು. ‘ಮೂಡಲಗಿ’ ಎಂದು ಬರೆದದ್ದು ಹೇಗೋ ಓದುವಂತೆ ಬಂತು. ಕೊನೆಯ ಗುಡಿಸು ತುಸು ಸರಿದು ನಿಂತಿತ್ತು, ಅಷ್ಟೆ. ಆದರೆ ಹುಕ್ಕೇರಿ ‘ಹುಕ್‌ಕೇರಿ’ ಆಗಿತ್ತು. ಘಟಪ್ರಭಾ ‘ಘಟಪ್‌ರಭಾ’ ಆಗಿತ್ತು. ಅಕ್ಷರಗಳು ಬಂದಿದ್ದವು, ಒತ್ತು ಕೊಡುವುದು ಫೋನಿಗೆ ಗೊತ್ತಿರಲಿಲ್ಲ. ಅಕ್ಷರದ ಕೆಳಗೆ ಅಕ್ಷರ ಕೂಡಿಸುವ ಕೆಲಸ ಬೇರೆಯೇ ಒಂದು ತಂತ್ರಾಂಶದ್ದು. ಅದಕ್ಕೆ ಕನ್ನಡದ ಪಾಠ ಇನ್ನೂ ಆಗಿರಲಿಲ್ಲ.

ಅಜ್ಜ ಕನ್ನಡಕ ಏರಿಸಿ ನೋಡಿ, ‘ಇದ್ಯಾವ ಊರೋ ತಮ್ಮಾ? ಕಾಲ ಮುರಕೊಂಡ ನಿಂತೈತಿ’ ಎಂದಿದ್ದ. ಆ ಮಾತು ಮನೆಯಲ್ಲಿ ಬಹಳ ದಿನ ಓಡಾಡಿತು. ಹುಕ್ಕೇರಿಯ ಬೀಗರು ಬಂದರೆ ‘ಕಾಲ ಮುರದ ಊರಿನವರು ಬಂದರು’ ಎಂದು ನಗುತ್ತಿದ್ದರು.

2012ರ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಕನ್ನಡ ಲಿಪಿ ಬಂತು. 2014ರ ಲಾಲಿಪಾಪ್ ಆವೃತ್ತಿಯಲ್ಲಿ ಇಡೀ ಫೋನಿನ ಭಾಷೆಯನ್ನೇ ಕನ್ನಡ ಮಾಡಿಕೊಳ್ಳುವ ಅನುಕೂಲವಾಯಿತು. ತಾಯಿನುಡಿ ಓದಲಿಕ್ಕೆಂದು ಫೋನಿನ ಬೇರಿಗೆ ಕೈ ಹಾಕಬೇಕಾದ ಕಾಲ ಅಲ್ಲಿಗೆ ಮುಗಿಯಿತು. ಕಥೆ ಮಾತ್ರ ಉಳಿಯಿತು, ಹುಡುಗ ಅದನ್ನು ಕೇಳುತ್ತ ಬೆಳೆದ. ಆ ರಾತ್ರಿ ಮಾಳಿಗೆ ಹತ್ತುವಾಗ ಅವನ ತಲೆಯಲ್ಲಿ ಇದ್ದದ್ದು ಅಣ್ಣನ ಸಾಹಸವೇ.

ಲ್ಯಾಪ್‌ಟಾಪಿನಿಂದ ಅಪ್ಪಣೆ ಹೋಯಿತು. ಫೋನಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಮೂಡಿತು: ಬೀಗ ತೆಗೆದರೆ ಒಳಗಿನದೆಲ್ಲ ಅಳಿಯುತ್ತದೆ. ಹುಡುಗ ಅದನ್ನು ಓದಿದ. ಫೋಟೋ ಎಲ್ಲ ಗೂಗಲ್ ಖಾತೆಯಲ್ಲಿ ಇದ್ದೇ ಇರುತ್ತವೆ ಎಂದುಕೊಂಡು ಗುಂಡಿ ಒತ್ತಿದ. ಬಿಟ್ಟಿಯಾಗಿ ಸಿಗುವ 15 ಜಿಬಿ ಜಾಗ ಎಂದೋ ತುಂಬಿ, ಅಪ್ಪ ಅದನ್ನು ಬಂದ್ ಮಾಡಿಸಿದ್ದ ಸಂಗತಿ ಅವನಿಗೆ ಗೊತ್ತಿರಲಿಲ್ಲ.

ಮುಂದಿನದು ಸಲೀಸಾಗಿ ಆಯಿತು. ತೈವಾನಿನ ಜಾನ್ ವೂ ಎಂಬ ತರುಣ 2016ರಲ್ಲಿ ಹೊರತಂದ ಮ್ಯಾಜಿಸ್ಕ್ ಎಂಬ ಉಪಕರಣ ಹಾಕಿದ; ಬೇಡದ ಆ್ಯಪ್‌ಗಳನ್ನು ಬೇರುಸಹಿತ ಕಿತ್ತ. ನಸುಕಿಗೆ ಫೋನು ನಿಜಕ್ಕೂ ಚುರುಕಾಗಿತ್ತು.

ಬೆಳಿಗ್ಗೆ ಅಪ್ಪ ಫೋನು ಕೈಗೆತ್ತಿಕೊಂಡು, ‘ಇದ್ಯಾಕ ಹಿಂಗ ಆಗೈತಿ?’ ಎಂದು ಕೇಳಿದ.

‘ಹೊಸದರಂಗ ಮಾಡೇನಿ, ಅಪ್ಪಾ.’

‘ಯಾರ ಕೇಳಿದ್ರು ನಿನಗ ಹೊಸದ?’

ಗ್ಯಾಂಗಿನ ಮುಕಾದಮನಿಗೆ ಅಂದೇ ಹಣ ಕಳಿಸಬೇಕಾಗಿತ್ತು. ಆ್ಯಪನ್ನು ಮತ್ತೆ ಹಾಕಿದರೆ, ಈ ಫೋನು ಸುರಕ್ಷಿತವಲ್ಲ, ಇಲ್ಲಿ ಕೆಲಸ ಮಾಡುವುದಿಲ್ಲ ಎಂದು ಅದು ಬಾಗಿಲು ಹಾಕಿಕೊಂಡಿತು. ಬ್ಯಾಂಕುಗಳ ಈ ಹಟಕ್ಕೆ ಕಾರಣವಿದೆ. ವಾಡೆಯ ಎಲ್ಲ ಕೀಲಿಕೈಗಳೂ ಹೊರಗೆ ಬಂದಿವೆ ಎಂದಾಗ, ತಿಜೋರಿ ಇಟ್ಟ ಬಾಡಿಗೆದಾರ ಅಲ್ಲಿ ಇರಲು ಒಪ್ಪುವನೆ? ಇವತ್ತು ಕೀಲಿಕೈ ಒಳ್ಳೆಯ ಹುಡುಗನ ಕೈಯಲ್ಲಿದೆ. ನಾಳೆ ಅವನೇ ತಿಳಿಯದೆ ಹಾಕಿಕೊಂಡ ಕಳ್ಳ ಆ್ಯಪಿನ ಕೈಗೂ ಹೋಗಬಹುದು. ಅದಕ್ಕೇ ಫೋನಿನ ಬೀಗ ಸರಿಯಿದೆಯೇ ಎಂದು ಗೂಗಲ್ ಕೊಡುವ ಪರೀಕ್ಷೆಯೊಂದನ್ನು ಹಣದ ಆ್ಯಪ್‌ಗಳು ನಡೆಸುತ್ತವೆ. ತಪ್ಪಿಸಿಕೊಳ್ಳುವ ಉಪಾಯಗಳೂ ಇವೆ; ಇಂದು ನಡೆದದ್ದು ನಾಳೆ ನಡೆಯುವುದಿಲ್ಲ. ಮುಕಾದಮ ಹೊಲದಲ್ಲಿ ನಿಂತಿರುವಾಗ ಆಡುವ ಆಟ ಅದಲ್ಲ.

ಹಣದ ತೊಡಕು ಸಂಜೆಯೊಳಗೆ ಬಗೆಹರಿಯಿತು, ತಮ್ಮನ ಫೋನಿನಿಂದ ಕಳಿಸಿದರು. ಕಬ್ಬಿನ ತೂಕದ ಚೀಟಿಗಳ ಫೋಟೋ ಹೋಗಿದ್ದವು. ಕಾರ್ಖಾನೆಯಲ್ಲಿ ಲೆಕ್ಕ ಸಿಕ್ಕೀತು. ರಾತ್ರಿ ಊಟದ ಹೊತ್ತಿಗೆ ಅಪ್ಪ ತಟ್ಟೆಯ ಮುಂದೆ ಕೂತು ಸುಮ್ಮನೆ ಕೇಳಿದ: ‘ಅಜ್ಜನ ಪದ?’

ಅಜ್ಜ ಹಿಂದಿನ ವರ್ಷ ತೀರಿಕೊಂಡಿದ್ದ. ಕಟ್ಟೆಯ ಮೇಲೆ ಕೂತು ಭಜನೆಯ ಪದ ಹಾಡಿದ್ದನ್ನು ಅಪ್ಪ ಮೂರು ಸಲ ಧ್ವನಿಮುದ್ರಿಸಿಕೊಂಡಿದ್ದ. ಹೊಲಕ್ಕೆ ಹೋಗುವಾಗ ಒಬ್ಬನೇ ಕೇಳುತ್ತಿದ್ದನೆಂದು ಮನೆಯವರಿಗೆ ಗೊತ್ತಾದದ್ದೇ ಅಂದು.

ಮರುದಿನ ತಂದೆ ಮಗ ಇಬ್ಬರೂ ಗೋಕಾಕದ ರಿಪೇರಿ ಅಂಗಡಿಗೆ ಹೋದರು. ಅಂಗಡಿಯವ ಪ್ರಾಮಾಣಿಕ, ಎಷ್ಟು ದುಡ್ಡು ಕೊಟ್ಟರೂ ಬರುವುದಿಲ್ಲ ಎಂದ. ಹಳೆಯ ಕಾಲದ ಮೆಮೊರಿ ಕಾರ್ಡಿನಿಂದ ಅಳಿಸಿದ ಫೋಟೋ ಹೊರತೆಗೆದದ್ದನ್ನು ಅಪ್ಪ ನೋಡಿದ್ದ. ಇದೇಕೆ ಆಗದು? ಇಂದಿನ ಫೋನು ತನ್ನಲ್ಲಿ ಬರೆದುಕೊಳ್ಳುವುದೆಲ್ಲವನ್ನೂ ಗೂಢಲಿಪಿಯಲ್ಲಿ ಬರೆದುಕೊಳ್ಳುತ್ತದೆ. ಬೀಗ ತೆಗೆಯುವ ಕ್ಷಣದಲ್ಲಿ ಅದು ಆ ಲಿಪಿಯನ್ನು ಬಿಡಿಸುವ ಕೀಲಿಯನ್ನೇ ನಾಶಮಾಡುತ್ತದೆ. ಬರೆದದ್ದು ಒಂದಿಷ್ಟು ಅಲ್ಲೇ ಬಿದ್ದಿದ್ದರೂ ಅದು ಯಾರಿಗೂ ಅರ್ಥವಾಗದ ಗೋಜಲು. ಕಂಪನಿ ಇದನ್ನು ಮಾಡಿರುವುದು ಮಾಲೀಕನನ್ನು ಶಿಕ್ಷಿಸಲು ಅಲ್ಲ. ಸಂತೆಯಲ್ಲಿ ಫೋನು ಕದ್ದವನು ಬೀಗ ತೆಗೆದರೆ ಅವನಿಗೆ ಖಾಲಿ ಫೋನು ಸಿಗಲಿ, ನಿಮ್ಮ ಫೋಟೋ ಪತ್ರಗಳು ಸಿಗದಿರಲಿ ಎಂದು. ಮಗ ಕಳ್ಳನಲ್ಲವೆಂದು ಫೋನಿಗೆ ಹೇಗೆ ತಿಳಿಯಬೇಕು?

ಅಂಗಡಿಯವ ಕಂಪನಿಯ ಮೂಲ ವ್ಯವಸ್ಥೆಯನ್ನು ಮತ್ತೆ ತುಂಬಿ ಬೀಗ ಹಾಕಿಕೊಟ್ಟ. ಬೀಗ ಹಾಕುವಾಗಲೂ ಒಳಗಿನದೆಲ್ಲ ಇನ್ನೊಮ್ಮೆ ಅಳಿಯುತ್ತದೆ. ಆ ಹೊತ್ತಿಗೆ ಅಳಿಯಲು ಏನೂ ಉಳಿದಿರಲಿಲ್ಲ. ಹೀಗೆ ಹಿಂದಿರುಗಲು ಆದದ್ದೂ ಅದೃಷ್ಟವೇ. ಮಾದರಿ ತಪ್ಪಿ ಬೇರೆ ಫೋನಿನ ಕಡತ ತುಂಬಿ, ಅಥವಾ ಬದಲಾದ ವ್ಯವಸ್ಥೆಯ ಮೇಲೆಯೇ ಬೀಗ ಜಡಿದು, ಫೋನನ್ನು ಇಟ್ಟಿಗೆ ಮಾಡಿಕೊಂಡವರು ಬಹಳ ಮಂದಿ. ಸ್ಯಾಮ್‌ಸಂಗಿನ ಎಷ್ಟೋ ಫೋನುಗಳ ಚಿಪ್ಪಿನಲ್ಲಿ ಸೂಕ್ಷ್ಮವಾದ ವಿದ್ಯುತ್ ಫ್ಯೂಸು ಉಂಟು. ಕಂಪನಿಯದಲ್ಲದ ವ್ಯವಸ್ಥೆ ತುಂಬಿದೊಡನೆ ಅದು ಸುಟ್ಟುಹೋಗುತ್ತದೆ. ಮನೆಯ ಫ್ಯೂಸಿನಂತೆ ಹೊಸ ತಂತಿ ಕಟ್ಟುವಂತಿಲ್ಲ, ಹಿಂದಿನ ವ್ಯವಸ್ಥೆ ತಂದರೂ ಆ ಗುರುತು ಹೋಗದು.

ಪುಣೆಯಲ್ಲಿ ನೌಕರಿಯಲ್ಲಿರುವ ಅಣ್ಣನಿಗೆ ಹುಡುಗ ಫೋನು ಮಾಡಿ ಅಳುತ್ತ ಎಲ್ಲ ಹೇಳಿದ. ಅಣ್ಣ ಬೈಯಲಿಲ್ಲ. ‘ಲೇ ತಮ್ಮಾ, ನಾ ಮಾಡಿದ್ದು ನನ್ನ ಫೋನಿಗೆ. ನೀ ಮಾಡಿದ್ದು ಅಪ್ಪನ ಫೋನಿಗೆ’ ಎಂದ, ಅಷ್ಟೆ. ಆಮೇಲೆ, ಅಪ್ಪನ ಫೋನಿಗೆ ಬೇಕಾಗಿದ್ದದ್ದು ಬೀಗ ಮುಟ್ಟದೆಯೇ ಆಗುತ್ತಿತ್ತು ಎಂದೂ ತಿಳಿಸಿದ. ಕಂಪನಿಯ ಜಾಹೀರಾತು ಪರದೆ ಬೇಡವಾದರೆ ಬೇರೆ ಲಾಂಚರ್ ಹಾಕಿಕೊಳ್ಳಬಹುದು. ಅಳಿಸಲು ಬಾರದ ಆ್ಯಪ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಸಾಧನದಿಂದ ಆ ಬಳಕೆದಾರನ ಮಟ್ಟಿಗೆ ತೆಗೆಯಬಹುದು. ಫೋನಿನ ಮೂಲ ಭಾಗದಲ್ಲಿ ಅವು ಉಳಿದರೂ ಓಡುವುದಿಲ್ಲ, ತೊಂದರೆಯಾದರೆ ಹಿಂದಕ್ಕೆ ತರಬಹುದು. 2018ರಲ್ಲಿ ಬಂದ 9ನೆಯ ಆವೃತ್ತಿಯಿಂದೀಚೆಗೆ ಸೆಟ್ಟಿಂಗಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಬದಲಿಸಿಯೇ ಬಹಳಷ್ಟು ಜಾಹೀರಾತು ತಡೆಯಬಹುದು. ಎಲ್ಲವನ್ನೂ ಅಂದೇ ಒಂದು ಹಾಳೆಯಲ್ಲಿ ಬರೆದುಕೊಂಡ ಹುಡುಗ ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೂ ಕೇಳಿ ಕೇಳಿ ಮಾಡಿದ. ಫೋನು ಅರ್ಧದಷ್ಟಾದರೂ ಹಗುರಾಯಿತು.

ಅಜ್ಜನ ಮೂರು ಪದಗಳಲ್ಲಿ ಒಂದು ಸಿಕ್ಕಿತು. ಸಾಂಗಲಿಯಲ್ಲಿರುವ ಅತ್ತಿಗೆ ಅಪ್ಪ ಎಂದೋ ವಾಟ್ಸ್ಯಾಪಿನಲ್ಲಿ ಕಳಿಸಿದ್ದು ಆಕೆಯ ಫೋನಿನಲ್ಲಿ ಇತ್ತು. ನಲವತ್ತು ಸೆಕೆಂಡಿನದು. ಹಾಡು ಏರುವ ಹೊತ್ತಿಗೆ ಯಾರೋ ಎಮ್ಮೆಯನ್ನು ಗದರಿಸಿದ ಸದ್ದು ಬಂದು ಅಲ್ಲಿಗೇ ನಿಲ್ಲುತ್ತದೆ. ಈಗ ಅದು ಮನೆಯ ಐದು ಫೋನುಗಳಲ್ಲಿದೆ, ಒಂದು ಪೆನ್ ಡ್ರೈವಿನಲ್ಲೂ ಇದೆ.

ಸಂಕ್ರಾಂತಿಗೆ ಊರಿಗೆ ಬಂದ ಅಣ್ಣ ತನ್ನ ಹಳೆಯ ಟ್ಯಾಬೊಂದನ್ನು ತಂದು ಹುಡುಗನಿಗೆ ಕೊಟ್ಟ. ಕಂಪನಿ ಅದಕ್ಕೆ ಹೊಸ ಆವೃತ್ತಿ ಕೊಡುವುದನ್ನು ಎಂದೋ ನಿಲ್ಲಿಸಿತ್ತು. ಪಾಠದ ಆ್ಯಪ್‌ಗಳು ಅದರಲ್ಲಿ ತೆರೆಯುತ್ತಿರಲಿಲ್ಲ. ಲಿನಕ್ಸ್ ತಿರುಳಿನ ಪರವಾನಗಿಯ ಪ್ರಕಾರ ಕಂಪನಿಗಳು ತಾವು ಮಾಡಿದ ಬದಲಾವಣೆಯ ಮೂಲವನ್ನು ಬಹಿರಂಗಪಡಿಸಬೇಕು; ಅದರಿಂದಲೇ ಬೇರೆಯವರು ಹಳೆಯ ಉಪಕರಣಗಳಿಗೆ ಹೊಸ ವ್ಯವಸ್ಥೆ ಕಟ್ಟಲು ಆಗುತ್ತದೆ. ಆ ಟ್ಯಾಬಿನ ಮಾದರಿಗೂ ಲೀನಿಯೇಜ್ ಇತ್ತು. ಅಣ್ಣ ಪಕ್ಕದಲ್ಲಿ ಕೂತ, ಕೈ ಹಾಕಲಿಲ್ಲ. ಹುಡುಗ ಹಿಂದಿನ ಮುಚ್ಚಳದ ಮಾದರಿ ಸಂಖ್ಯೆಯನ್ನು ಎರಡು ಸಲ ಓದಿ ಕಡತದ ಹೆಸರಿನೊಡನೆ ಹೋಲಿಸಿದ, ಬ್ಯಾಟರಿ ತುಂಬುವವರೆಗೆ ಕಾದ. ಹಣದ ಆ್ಯಪು ಅದರಲ್ಲಿ ಎಂದೂ ಇರಲಿಲ್ಲ, ಇನ್ನೂ ಇರುವುದಿಲ್ಲ.

ಕೇಬಲ್ಲು ಜೋಡಿಸುವಾಗ ಅಪ್ಪ ಹೊಲದಿಂದ ಬಂದು ಬಾಗಿಲಲ್ಲಿ ನಿಂತ. ಪರದೆಯ ಮೇಲೆ ಅದೇ ಎಚ್ಚರಿಕೆ ಮೂಡಿತ್ತು.

‘ಒಳಗ ಏನೇನ ಐತಿ, ಎಲ್ಲಾ ತಗದ ಇಟ್ಟಿಯೇನು?’

‘ಇಟ್ಟೇನಿ, ಅಪ್ಪಾ.’

‘ಎಲ್ಲಿ, ತೋರ್ಸು’ ಎಂದು ಅಪ್ಪ ರುಮಾಲು ಬಿಚ್ಚಿಟ್ಟು ಚಾಪೆಯ ಮೇಲೆ ಕೂತ. ಹುಡುಗ ಕೇಬಲ್ಲು ಬಿಚ್ಚಿ ಪೆನ್ ಡ್ರೈವ್ ಜೋಡಿಸಿದ.