ಗಿರಿವಿಹಾರವೂ ಗೃಹಸ್ಥಧರ್ಮವೂ

ಶುಕ್ರವಾರ ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಕಾಡುಗೋಡಿಯ ರಸ್ತೆಬದಿಗಳಲ್ಲಿ ಬೆನ್ನುಚೀಲ ಹೊತ್ತ ತರುಣ ತರುಣಿಯರ ಗುಂಪುಗಳು ಸೇರುತ್ತವೆ. ವಾರದ ಐದು ದಿನ ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಗಣಕಯಂತ್ರದ ಪರದೆಯನ್ನು ನೋಡಿ ದಣಿದ ಇವರು ಟೆಂಪೋ ಟ್ರಾವೆಲರ್ ಹತ್ತಿ ಚಿಕ್ಕಮಗಳೂರು, ಕುದುರೆಮುಖ, ಕುಮಾರ ಪರ್ವತಗಳತ್ತ ಹೊರಡುತ್ತಾರೆ. ಅಷ್ಟು ದೂರ ಹೋಗಲಾರದವರಿಗೆ ಕೋಲಾರದ ಅಂತರಗಂಗೆ ಬೆಟ್ಟವಿದೆ. ಹೆಸರಿನಲ್ಲಿ ಮಾತ್ರ ಕಾಡನ್ನು ಉಳಿಸಿಕೊಂಡ ಊರಿನವರಿಗೆ ನಿಜವಾದ ಕಾಡಿನ ಹಂಬಲ ಸಹಜವೇ. ಈ ಗುಂಪುಗಳಲ್ಲಿ ಜೈನ ಮನೆತನಗಳ ಮಕ್ಕಳೂ ಇದ್ದಾರೆ.

ಬೆಟ್ಟ ಹತ್ತುವುದನ್ನು ಜೈನಧರ್ಮ ಎಂದೂ ನಿಷೇಧಿಸಲಿಲ್ಲ. ಋಷಭನಾಥರ ನಿರ್ವಾಣ ಕೈಲಾಸದಲ್ಲಿ, ನೇಮಿನಾಥರದು ಗಿರನಾರಿನಲ್ಲಿ, ಇಪ್ಪತ್ತು ತೀರ್ಥಂಕರರದು ಸಮ್ಮೇದ ಶಿಖರದಲ್ಲಿ. ಕನ್ನಡ ನಾಡಿನಲ್ಲಿಯೇ ಶ್ರವಣಬೆಳಗೊಳದ ಚಂದ್ರಗಿರಿ, ವಿಂಧ್ಯಗಿರಿಗಳಿವೆ. ಆಗುಂಬೆಯ ಸಮೀಪ ಕುಂದಕುಂದಾಚಾರ್ಯರ ತಪಸ್ಸಿನ ನೆಲೆಯೆಂದು ಪರಂಪರೆಯು ಹೇಳುವ ಕುಂದಾದ್ರಿಯಿದೆ. ಜೈನ ಮುನಿಗಳಂತೂ ಜೀವಮಾನವಿಡೀ ಬರಿಗಾಲಿನಲ್ಲಿ ನಡೆಯುವವರು. ಆದರೆ ಅವರ ನಡಿಗೆಗೆ ಒಂದು ಶಾಸ್ತ್ರವಿದೆ. ಅದೇ ಈರ್ಯಾಸಮಿತಿ: ಹಗಲಿನ ಬೆಳಕಿನಲ್ಲಿ, ಜನ ನಡೆದಾಡಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವುದು. ಸೂರ್ಯೋದಯದ ದೃಶ್ಯಕ್ಕಾಗಿ ನಡುರಾತ್ರಿಯಲ್ಲಿ ಕಾಲುದಾರಿ ಹಿಡಿಯುವ ಇಂದಿನ ರೂಢಿಗೂ ಈ ನಿಯಮಕ್ಕೂ ಎಷ್ಟು ದೂರವೆಂಬುದನ್ನು ವಿವರಿಸಬೇಕಾಗಿಲ್ಲ.

ಗೃಹಸ್ಥನು ಮುನಿಯಲ್ಲ, ನಿಜ. ಆದರೆ ಅವನಿಗೂ ದಿಗ್ವ್ರತವುಂಟು. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರಕ್ಕಿಂತ ಆಚೆಗೆ ಹೋಗೆನೆಂದು ತಾನೇ ಗೆರೆ ಎಳೆದುಕೊಳ್ಳುವುದು ಈ ವ್ರತ. ಸಮಂತಭದ್ರಾಚಾರ್ಯರು ಆ ಗೆರೆಗೆ ಗುರುತುಗಳನ್ನು ಹೇಳುವಾಗ ಸಮುದ್ರ, ನದಿ, ಅಡವಿಗಳೊಡನೆ ಬೆಟ್ಟವನ್ನೂ ಹೆಸರಿಸಿದ್ದಾರೆ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಮೇಲ್ದಿಕ್ಕಿನ ಮಿತಿಯನ್ನು ಮೀರುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ಉದಾಹರಣೆ ಪರ್ವತಾರೋಹಣ. ಹತ್ತಿದ್ದು ತಪ್ಪೆಂದಲ್ಲ, ಹಾಕಿಕೊಂಡ ಮಿತಿಯನ್ನು ದಾಟಿದ್ದು ತಪ್ಪು. ಉಳಿದ ಅತಿಚಾರಗಳಲ್ಲಿ ಎರಡು ಇಂದಿನ ಪ್ರವಾಸಿಯನ್ನೇ ಕಂಡು ಬರೆದಂತಿವೆ: ಲೋಭದಿಂದ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಗೆರೆಯನ್ನೇ ಮರೆಯುವುದು. ಎರಡು ಸ್ಥಳ ನೋಡಲೆಂದು ಹೊರಟವರು ಎರಡು ದಿನಗಳಲ್ಲಿ ಏಳು ಸ್ಥಳಗಳನ್ನು ಮುಗಿಸಿ, ಯಾವುದನ್ನೂ ನೋಡದೆ ಮರಳುವುದು ಎಲ್ಲರೂ ಬಲ್ಲ ಸಂಗತಿ.

ಕಾಡುಗೋಡಿಯ ಒಂದು ಕುಟುಂಬದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಮಾತುಕತೆ ಇಲ್ಲಿ ಪ್ರಸ್ತುತ. ಆ ಮನೆಯವರದು ಅಕ್ಕಿ, ಬೇಳೆಗಳ ವ್ಯಾಪಾರ. ಮಗ ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ. ಎಪ್ಪತ್ತು ದಾಟಿದ ಅವನ ತಾಯಿಗೆ ಕುಂದಾದ್ರಿಯ ಪಾರ್ಶ್ವನಾಥ ಬಸದಿಯ ದರ್ಶನ ಬಹುಕಾಲದ ಬಯಕೆ. ಜುಲೈ ತಿಂಗಳಿನಲ್ಲಿ ನಾಲ್ಕು ದಿನಗಳ ರಜೆ ದೊರೆಯಿತು. ಕುಂದಾದ್ರಿ, ಆಗುಂಬೆ, ತುಂಬಿ ಹರಿಯುವ ಜಲಪಾತಗಳು, ಕಾಡಿನೊಳಗೆ ಒಂದು ದಿನದ ಚಾರಣ ಎಂದು ಮಗ ಪಟ್ಟಿ ಮಾಡಿ, ತಂಗುಮನೆಗೆ ಮುಂಗಡವನ್ನೂ ಕಳುಹಿಸಿದ.

ಹೊರಡುವ ಮುನ್ನಾದಿನ ಸಾಮಾನು ಕಟ್ಟುವಾಗ ಹತ್ತು ವರ್ಷದ ಮೊಮ್ಮಗಳು ಉಪ್ಪಿನ ಒಂದು ಪೊಟ್ಟಣವನ್ನು ಹಿಡಿದು ತಂದಳು.

"ಅಜ್ಜಿ, ಅಡುಗೆಯನ್ನೆಲ್ಲ ಮನೆಯಿಂದಲೇ ಮಾಡಿಕೊಂಡು ಹೋಗುತ್ತೇವಲ್ಲ, ಇದು ಯಾಕೆ?"

ಮಳೆಗಾಲದ ಮಲೆನಾಡಿನಲ್ಲಿ ಕಾಲಿಗೆ ಹತ್ತುವ ಇಂಬಳಗಳ ಮೇಲೆ ಹಾಕುವುದಕ್ಕೆಂದು ಮಗ ವಿವರಿಸಿದ. ಇಂಬಳವೆಂದರೆ ನೆಲದ ಜಿಗಣೆ. ಉಪ್ಪು ಬಿದ್ದರೆ ಅದು ಕಚ್ಚಿದ್ದನ್ನು ಬಿಟ್ಟು, ಮುದುಡಿ ಸಾಯುತ್ತದೆ. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೊಲ್ಲುವ ಸಾಮಾನನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗುತ್ತಿದ್ದೇವೆ" ಎಂದರು.

ಮಗನ ಉತ್ತರ ತೆಗೆದುಹಾಕುವಂಥದ್ದಲ್ಲ. "ಅಮ್ಮ, ರೈತ ಗದ್ದೆಗೆ ಇಳಿದರೂ ಜೀವ ಸಾಯುತ್ತದೆ. ಅಂಗಡಿಯ ಅಕ್ಕಿಯನ್ನು ಬಿಸಿಲಿಗೆ ಹರಡಿದರೆ ಹುಳು ಸಾಯುವುದಿಲ್ಲವೇ? ವಾರವೆಲ್ಲ ದುಡಿದವನಿಗೆ ನಾಲ್ಕು ದಿನ ಬೆಟ್ಟ ನೋಡುವುದು ಮಾತ್ರ ಪಾಪವೇ?"

ಶಾಸ್ತ್ರವು ಇದಕ್ಕೆ ಸಮಾಧಾನ ಹೇಳುತ್ತದೆ. ಹಿಂಸೆ ನಾಲ್ಕು ಬಗೆ: ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ. ಅಡುಗೆ ಮುಂತಾದ ಮನೆಗೆಲಸಗಳಲ್ಲಿ ಆಗುವುದು ಆರಂಭಿ. ಕೃಷಿ, ವಾಣಿಜ್ಯಗಳಲ್ಲಿ ಆಗುವುದು ಉದ್ಯೋಗಿ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಈ ಮೂರನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರ, ಕಡಿಮೆ ಮಾಡಿಕೊಳ್ಳಬೇಕು. ಕೊಲ್ಲುವ ಉದ್ದೇಶದಿಂದಲೇ ಮಾಡುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಅವನು ಸಂಪೂರ್ಣವಾಗಿ ತ್ಯಜಿಸಬೇಕು. ನಡೆಯುವಾಗ ಎಚ್ಚರವಿದ್ದೂ ಕಾಲಡಿಗೆ ಸಿಕ್ಕ ಜೀವ ಒಂದು ಬಗೆ. ಮುನ್ನೂರೈವತ್ತು ಕಿಲೋಮೀಟರಿಗೂ ಮೀರಿದ ದೂರದಲ್ಲಿ, ಇನ್ನೂ ಕಚ್ಚದ ಒಂದು ದ್ವೀಂದ್ರಿಯ ಜೀವಕ್ಕಾಗಿ ಕಾಡುಗೋಡಿಯ ಅಡುಗೆಮನೆಯಲ್ಲಿ ಅಳೆದು ಕಟ್ಟಿದ ಉಪ್ಪು ಇನ್ನೊಂದು ಬಗೆ.

ಅದು ಆತ್ಮರಕ್ಷಣೆಯಲ್ಲವೇ ಎಂದು ಸೊಸೆ ಕೇಳಿದಳು. ಮುದುಕಿ ಹೇಳಿದ್ದು ಎರಡೇ ಮಾತು: "ಅದು ಕಾಡುಗೋಡಿಗೆ ಬಂದು ನಮ್ಮನ್ನು ಕಚ್ಚಲಿಲ್ಲಮ್ಮ. ನಾವು ಅದರ ಮನೆಗೆ ಹೋಗುತ್ತಿದ್ದೇವೆ."

ಮಗನ ಇನ್ನೊಂದು ಮಾತು ಉಳಿಯಿತು. ದಣಿದವನಿಗೆ ವಿಶ್ರಾಂತಿಯೂ ಒಂದು ಪ್ರಯೋಜನವೇ ಅಲ್ಲವೇ? ಹೌದು. ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಮಾಡುವ ಹಿಂಸೆ. ಕಾರಣವಿಲ್ಲದೆ ಗಿಡ ಕಡಿಯುವುದು, ನೆಲ ಅಗೆಯುವುದು, ನೀರು ಚೆಲ್ಲುವುದು ಮೊದಲಾದವನ್ನು ಪೂಜ್ಯಪಾದರು ಪ್ರಮಾದಾಚರಿತವೆಂದು ಕರೆದಿದ್ದಾರೆ. ಬೆಟ್ಟ ನೋಡುವುದು ಅನರ್ಥವಲ್ಲ. ಆದರೆ ಅದೇ ಬೆಟ್ಟ, ಅದೇ ಬಸದಿ, ಅದೇ ವಿಶ್ರಾಂತಿ ಜನವರಿಯಲ್ಲೂ ದೊರೆಯುವಾಗ, ನೆಲವೆಲ್ಲ ಜೀವಮಯವಾಗಿರುವ ಜುಲೈಯನ್ನೇ ಆರಿಸಿಕೊಂಡರೆ ಆ ಹೆಚ್ಚಿನ ಹಿಂಸೆಗೆ ಯಾವ ಪ್ರಯೋಜನವನ್ನು ಜಮಾ ಹಿಡಿಯುವುದು? ಮುನಿಗಳು ಆಷಾಢದಿಂದ ಕಾರ್ತಿಕದವರೆಗೆ ಒಂದೆಡೆ ನಿಂತು ಚಾತುರ್ಮಾಸ ಆಚರಿಸುವುದು ಈ ಕಾರಣಕ್ಕೇ. ಅವರು ನಡೆಯುವುದನ್ನು ನಿಲ್ಲಿಸುವ ತಿಂಗಳುಗಳಲ್ಲೇ ಶ್ರಾವಕರ ಮಕ್ಕಳು ಚಾರಣವನ್ನು ಆರಂಭಿಸುತ್ತಿರುವುದು ಯೋಚಿಸಬೇಕಾದ ವಿಷಯ.

ಆ ಕುಟುಂಬ ಜುಲೈಯಲ್ಲಿ ಹೋಗಲಿಲ್ಲ. ಮುಂಗಡ ಹಣ ಮರಳಿ ಬರಲಿಲ್ಲ, ಮಗನ ಮುಖ ಕೆಲವು ದಿನ ಬಿಗಿದೇ ಇತ್ತು. ಮಕರ ಸಂಕ್ರಾಂತಿಯಂದು ಕುಂದಾದ್ರಿಗೆ ಯಾತ್ರಿಕರು ಬರುವ ವಾಡಿಕೆಯುಂಟು. ಇವರೂ ಆಗ ಹೋದರು. ಜಲಪಾತಗಳು ಸೊರಗಿದ್ದವು. ಅಷ್ಟರಲ್ಲಿ ಮುದುಕಿಯ ಮಂಡಿನೋವು ಹೆಚ್ಚಿತ್ತು. ವಾಹನ ನಿಂತ ಜಾಗದಿಂದ ಮೇಲಿನ ಮೆಟ್ಟಿಲುಗಳನ್ನು ಹತ್ತಲಾಗದೆ ಅವರು ಅಲ್ಲಿಯೇ ಕುಳಿತರು. ಮೊಮ್ಮಗಳು ಬಸದಿಯಿಂದ ಗಂಧೋದಕವನ್ನು ತಂದು ಅವರ ಹಣೆಗೆ ಹಚ್ಚಿದಳು. ಆರು ತಿಂಗಳು ಮುಂದೂಡಿದ್ದಕ್ಕೆ ಹೆಚ್ಚಿನ ಬೆಲೆ ತೆತ್ತವರು ಅವರೇ. ಆದರೆ ಮುಂದೂಡೋಣ ಎಂದವರೂ ಅವರೇ, ಅದನ್ನು ಅವರು ಒಮ್ಮೆಯೂ ಆಡಿಕೊಳ್ಳಲಿಲ್ಲ.

ಪ್ರವಾಸದ ಹಿಂಸೆ, ಅಹಿಂಸೆಗಳು ಬೆಟ್ಟದ ಮೇಲೆ ತೀರ್ಮಾನವಾಗುವುದು ಕಡಿಮೆ. ದಿನಾಂಕವನ್ನು ಗೊತ್ತುಮಾಡುವಾಗ, ಚೀಲ ಕಟ್ಟುವಾಗ, ವಾಹನ ಗೊತ್ತುಮಾಡುವಾಗಲೇ ಅವು ತೀರ್ಮಾನವಾಗಿರುತ್ತವೆ. ವಾಹನದ ಮಾತು ಬಂದುದರಿಂದ ಚಾಲಕನನ್ನೂ ನೆನೆಯಬೇಕು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬೆರಡು ಸೇರಿವೆ: ಮಿತಿಮೀರಿದ ಹೊರೆ ಹೊರಿಸುವುದು, ಹೊತ್ತಿಗೆ ಅನ್ನ ನೀರು ಸಿಗದಂತೆ ಮಾಡುವುದು. ಹಗಲೆಲ್ಲ ಕಚೇರಿಯ ಕ್ಯಾಬ್ ಓಡಿಸಿದ ಮನುಷ್ಯನಿಂದ ರಾತ್ರಿಯಿಡೀ ಘಟ್ಟದ ರಸ್ತೆಯಲ್ಲಿ ಗಾಡಿ ನಡೆಸಿಕೊಂಡು, ತಮ್ಮ ಊಟ ಸೂರ್ಯಾಸ್ತಕ್ಕೆ ಮುಂಚೆ ಮುಗಿಯಿತೆಂದು ತೃಪ್ತಿಪಡುವ ಶ್ರಾವಕರು ಈ ಎರಡು ಅತಿಚಾರಗಳನ್ನು ಮತ್ತೊಮ್ಮೆ ಓದಬೇಕು.

ಈ ಮಾತಿಗೆ ಇಡೀ ಸಮಾಜದ ಮಟ್ಟದಲ್ಲಿ ಇನ್ನೊಂದು ಮುಖವಿದೆ. ಜಾರ್ಖಂಡದ ಪಾರಸನಾಥ ಬೆಟ್ಟ, ಅಂದರೆ ಸಮ್ಮೇದ ಶಿಖರ, ಪ್ರವಾಸೋದ್ಯಮದ ತಾಣವಾಗಬಾರದೆಂದು 2022ರ ಡಿಸೆಂಬರಿನಲ್ಲಿ ದೇಶದಾದ್ಯಂತ ಜೈನರು ಬೀದಿಗಿಳಿದರು. ಇದಕ್ಕಾಗಿ ಉಪವಾಸ ಕೈಗೊಂಡಿದ್ದ ಮುನಿ ಸುಜ್ಞೇಯಸಾಗರರು 2023ರ ಜನವರಿ 3ರಂದು ಜೈಪುರದಲ್ಲಿ ದೇಹತ್ಯಾಗ ಮಾಡಿದರು. ಜನವರಿ 5ರಂದು ಕೇಂದ್ರ ಸರ್ಕಾರವು 2019ರ ಅಧಿಸೂಚನೆಯ ಪ್ರವಾಸೋದ್ಯಮ ಸಂಬಂಧದ ಅಂಶಗಳನ್ನು ತಡೆಹಿಡಿದು, ಮದ್ಯ, ಗದ್ದಲದ ಸಂಗೀತಗಳ ಜೊತೆಗೆ ಅನುಮತಿಯಿಲ್ಲದ ಶಿಬಿರ, ಚಾರಣಗಳನ್ನೂ ಆ ಬೆಟ್ಟದಲ್ಲಿ ತಡೆಯುವಂತೆ ನಿರ್ದೇಶಿಸಿತು. ಅದೇ ಬೆಟ್ಟವನ್ನು ಸಂತಾಲ ಜನರು ಮರಾಂಗ್ ಬುರು ಎಂದು ಪೂಜಿಸುತ್ತಾರೆ. ಅವರ ಶ್ರದ್ಧೆಯೂ ಗೌರವಕ್ಕೆ ಅರ್ಹ. ಸ್ವಂತ ತೀರ್ಥವನ್ನು ವಿನೋದದ ಸ್ಥಳವೆಂದು ಕಾಣಬೇಡಿರೆಂದು ಲೋಕವನ್ನು ಕೇಳಿದ ಸಮಾಜ, ಇತರ ಬೆಟ್ಟಗಳನ್ನು ತಾನು ಹೇಗೆ ಕಾಣುತ್ತಿದೆ ಎಂದು ಕೇಳಿಕೊಳ್ಳದಿದ್ದರೆ ಆ ಬೇಡಿಕೆಗೆ ಬಲ ಬರುವುದು ಹೇಗೆ? 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಬಳಿಕ ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನು ತಂದಿತು. ಮನುಷ್ಯ ತಾನಾಗಿ ಹಾಕಿಕೊಳ್ಳಬೇಕಾಗಿದ್ದ ಗೆರೆಯನ್ನು ಸರ್ಕಾರ ಎಳೆಯಬೇಕಾಯಿತು.

ಆದ್ದರಿಂದ ಬೆಟ್ಟಕ್ಕೆ ಹೊರಡುವ ಕುಟುಂಬಗಳು ಮೊದಲು ಚಾತುರ್ಮಾಸದ ತಿಂಗಳುಗಳನ್ನು ಬಿಡಲಿ. ನೋಡುವ ಸ್ಥಳಗಳನ್ನು ಎಣಿಸಿ, ಬರೆದಿಟ್ಟು, ಅಷ್ಟರಲ್ಲೇ ನಿಲ್ಲಲಿ. ರಾತ್ರಿ ಬೆಟ್ಟ ಹತ್ತುವುದು ಬೇಡ, ಸವೆದ ದಾರಿಯನ್ನು ಬಿಟ್ಟು ಹುಲ್ಲಿನ ಮೇಲೆ ನಡೆಯುವುದು ಬೇಡ. ನೀರು ಸೋಸುವ ಬಟ್ಟೆಯೊಂದು ಚೀಲದಲ್ಲಿರಲಿ, ಒಯ್ದ ಪ್ಲಾಸ್ಟಿಕ್ ಎಲ್ಲವೂ ಮನೆಗೆ ಮರಳಲಿ. ಚಾಲಕನಿಗೆ ಒಂದು ರಾತ್ರಿಯ ನಿದ್ರೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಲಿ. ಬೆಟ್ಟದ ಬಸದಿಗಳ ಆಡಳಿತ ಮಂಡಳಿಗಳು ಬಂದವರನ್ನು ಪ್ರವಾಸಿಗಳೆಂದು ದೂರವಿಡದೆ, ಮೆಟ್ಟಿಲ ಬುಡದಲ್ಲಿ ಸೋಸಿದ ಕುಡಿಯುವ ನೀರನ್ನೂ, ಈರ್ಯಾಸಮಿತಿಯ ಅರ್ಥವನ್ನು ಸರಳ ಕನ್ನಡದಲ್ಲಿ ತಿಳಿಸುವ ಒಂದು ಫಲಕವನ್ನೂ ಇರಿಸಲಿ.

ವಿಂಧ್ಯಗಿರಿಯ ನೆತ್ತಿಯ ಮೇಲೆ 981ರಿಂದ ನಿಂತಿರುವ ಬಾಹುಬಲಿಯ ಕಾಲುಗಳನ್ನು ಬಳ್ಳಿ ಹಬ್ಬಿ ಏರಿದೆ, ಪಕ್ಕದಲ್ಲಿ ಹುತ್ತಗಳು ಎದ್ದಿವೆ. ಬಳ್ಳಿಯನ್ನು ಅವನು ಕೀಳಲಿಲ್ಲ, ಹುತ್ತವನ್ನು ತುಳಿಯಲಿಲ್ಲ. ಆ ಪಾದಗಳಿಗೆ ನಮಸ್ಕರಿಸಿ ಬರುವವರು ತಮ್ಮ ಪಾದಗಳ ಕೆಳಗೂ ಒಮ್ಮೆ ನೋಡಿಕೊಂಡರೆ ಸಾಕು.