ಒಂದು ಲೈನು, ಮೂರು ಒಲೆ

ಪದ ಹಾಡೋನಿಗೆ ಕಂಪ್ಯೂಟರ್ ವಿಚಾರ ಯಾಕೆ ಅಂತ ಕೆಲವರು ನಗಬಹುದು. ನಗಲಿ. ಒಂದು ಇಂಟರ್‌ನೆಟ್ ಲೈನನ್ನು ನಾಲ್ಕು ಜನ ಹಂಚಿಕೊಳ್ಳೋ ಕಷ್ಟ ಈಗ ಊರೂರಲ್ಲೂ ಇದೆ. ನಮ್ಮ ಮನೇಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ತಾಳವಾಡಿ ಕಡೆ ಅಜ್ಜಿ ಮನೇಲಿದ್ದು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವನು. ಆಮೇಲೆ ನೆಗಮಕ್ಕೆ ಬಂದು ತೆಂಗಿನ ತೋಟ ನೋಡಿಕೊಂಡೆ. ನಮ್ಮದು ಒಂದೇ ಅಂಗಳ, ಮೂರು ಒಲೆ. ನನ್ನದೊಂದು, ತಮ್ಮನದೊಂದು, ತೀರಿಹೋದ ಅಣ್ಣನ ಮನೆ ಅತ್ತಿಗೆಯದೊಂದು. ಮನೇಲಿ ಆಡೋದು ಕನ್ನಡ, ಬೀದೀಲಿ ತಮಿಳು. ಮಕ್ಕಳ ಓದು ತಮಿಳು, ಇಂಗ್ಲಿಷಲ್ಲಿ. ನನ್ನ ಹಾಡಿನ ನೋಟ್‌ಬುಕ್ ಬಿಟ್ಟರೆ ಅವರು ಕನ್ನಡ ಅಕ್ಷರ ಕಾಣೋದು ಇಂಟರ್‌ನೆಟ್ಟಲ್ಲೇ. ಅದಕ್ಕೇ ಈ ಲೈನು ನನಗೂ ಬೇಕು.

2020ರ ಮಾರ್ಚಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದ ಮೇಲೆ, ಮಗ ತಿರುಪ್ಪೂರಿಂದ ಹಳೇ ಕಂಪ್ಯೂಟರೊಂದನ್ನು ತಂದು ನಡುಮನೇಲಿಟ್ಟ. ಕಂಪನಿಯವರು ಕೇಬಲ್ ಎಳೆದು ಅದಕ್ಕೆ ಸಿಕ್ಕಿಸಿ ಹೋದರು. ಆ ಕಂಪ್ಯೂಟರಿಂದಲೇ ಮಿಕ್ಕ ಫೋನುಗಳಿಗೆ ವೈಫೈ ಹೋಗೋ ಹಾಗೆ ಮಗ ಮಾಡಿದ. ಹೀಗೆ ಹಂಚೋ ಏರ್ಪಾಡು ಹೊಸದೇನಲ್ಲ. 1999ರಲ್ಲಿ ಬಂದ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲೇ ಇತ್ತು. ವಿಂಡೋಸ್ 10ರಲ್ಲಿ ಇದಕ್ಕೆ ಮೊಬೈಲ್ ಹಾಟ್‌ಸ್ಪಾಟ್ ಅಂತಾರೆ, 8 ಫೋನು ಸೇರಬಹುದು. ಹೊರಗಿನವರಿಗೆ ಕಾಣೋದು ಒಂದೇ ವಿಳಾಸ. ಒಳಗೆ ಯಾರು ಏನು ಕೇಳಿದರು ಅಂತ ಕಂಪ್ಯೂಟರ್ ಗುರುತಿಟ್ಟುಕೊಂಡು, ಬಂದದ್ದನ್ನು ಅವರವರಿಗೆ ಮುಟ್ಟಿಸುತ್ತೆ.

ಕೇಳೋಕೆ ಚೆಂದ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಲ್ಲಿ ಪೂಜಾರಿ ಅಂದರೆ ಕಂಪ್ಯೂಟರು. ಅದು ಮಲಗಿದರೆ ಮೂರು ಮನೆಗೂ ಇಲ್ಲ. ಕರೆಂಟು ಹೋಗಿ ಬಂದರೆ ಹಂಚಿಕೆ ನಿಂತುಹೋಗಿರೋದು, ಮತ್ತೆ ಯಾರಾದರೂ ಕೂತು ಹಾಕಬೇಕು. ಸ್ವಲ್ಪ ಹೊತ್ತು ಯಾರೂ ಸೇರದಿದ್ದರೆ ತಾನೇ ಆರಿಸಿಕೊಳ್ಳೋದು. ಅದು ತನ್ನ ಅಪ್‌ಡೇಟ್ ಇಳಿಸಿಕೊಳ್ಳೋಕೆ ಶುರು ಮಾಡಿದರಂತೂ ಎಲ್ಲರ ಪಾಲನ್ನೂ ಒಂದೇ ಕುಡಿಯೋದು.

ಅತ್ತಿಗೆಯ ಮಗ ಬೆಂಗಳೂರಲ್ಲಿದ್ದಾನೆ. ರಾತ್ರಿ ಒಂಬತ್ತಕ್ಕೆ ಫೋನಲ್ಲಿ ಮೊಮ್ಮಗನ ಮುಖ ನೋಡದಿದ್ದರೆ ಅತ್ತಿಗೆಗೆ ಊಟ ಸೇರೋದಿಲ್ಲ. ನನ್ನ ಹೆಂಡತಿ ಕರೆಂಟು ಉಳೀಲಿ ಅಂತ ಎಂಟೂವರೆಗೇ ಕಂಪ್ಯೂಟರ್ ಆರಿಸೋಳು. ಅವಳದೂ ಲೆಕ್ಕವೇ. ಆಗ ತಮಿಳುನಾಡಲ್ಲಿ ಮನೆಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತವಿತ್ತು. 100 ವ್ಯಾಟ್ ಎಳೆಯೋ ಕಂಪ್ಯೂಟರ್ ದಿನಕ್ಕೆ 10 ಗಂಟೆ ನಡೆದರೆ ಒಂದು ಯೂನಿಟ್, ಎರಡು ತಿಂಗಳಿಗೆ 60. ಲೈನಿನ ದುಡ್ಡು ಮೂರು ಪಾಲು, ಕರೆಂಟು ಮಾತ್ರ ನಮ್ಮದೇ.

ಒಂದು ರಾತ್ರಿ ಅತ್ತಿಗೆ ಅಂಗಳದಲ್ಲೇ ನಿಂತು, "ನೋಡಪ್ಪಾ, ನಾನೂ ದುಡ್ಡು ಕೊಡ್ತೀನಿ. ಆದ್ರೂ ದಿನಾ ನಿಮ್ಮ ಬಾಗಿಲು ತಟ್ಟಿ ಬೇಡಬೇಕಾ?" ಅಂದರು. ಮೂವತ್ತು ವರ್ಷದ ಮೇಲಾಯಿತು, ಒಂದೇ ಅಂಗಳ ಗುಡಿಸಿದವರು. ಬೇಡೋದು ಅನ್ನೋ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ತಮ್ಮನ ಮಗನದು ಇನ್ನೊಂದು. ಅವನು ಕೊಬ್ಬರಿ ವ್ಯಾಪಾರ ಮಾಡ್ತಾನೆ, ಸರಕಿನ ವಿಡಿಯೋ ತೆಗೆದು ವ್ಯಾಪಾರಿಗಳಿಗೆ ಕಳಿಸಬೇಕು. ಅದೇ ಹೊತ್ತಿಗೆ ಮೊಮ್ಮಗಳಿಗೆ ಪಾಠ. ನಾನೂ ತಾಳವಾಡಿಯ ನಮ್ಮ ಮೇಳದವರ ಜೊತೆ ಫೋನಲ್ಲಿ ಮಾದಪ್ಪನ ಪದ ಹಾಡಿ ನೋಡ್ತಿದ್ದೆ. ನಾನು ಸೊಲ್ಲು ಎತ್ತಿದರೆ ಅವರ ಹಿಮ್ಮೇಳ ತಡವಾಗಿ ಬಂದು ಮುಂದಿನ ಸೊಲ್ಲಿನ ಮೇಲೆ ಬೀಳೋದು. ವಿಡಿಯೋ ಹೋಗುವಾಗ ಇನ್ನೂ ತಡ. ದೊಡ್ಡ ಸರಕು ಮುಂದೆ ನಿಂತರೆ ಚಿಕ್ಕದೂ ಹಿಂದೆ ಕಾಯಬೇಕು. ಇಕ್ಕಟ್ಟಿನ ರಸ್ತೇಲಿ ತೆಂಗಿನಕಾಯಿ ಲಾರಿ ಹಿಂದೆ ಸೈಕಲ್ಲು ನಿಂತ ಹಾಗೆ.

ನಾವು ರೈತರು ಹಂಚಿಕೊಳ್ಳೋದು ಅರಿಯದವರಲ್ಲ. ಪರಂಬಿಕುಳಂ ಆಳಿಯಾರ್ ಯೋಜನೆಯಲ್ಲಿ ತಿರುಮೂರ್ತಿ ಅಣೆಯಿಂದ ಬರೋ ನೀರಿಗೆ ನಾಲ್ಕು ವಲಯ ಮಾಡಿದ್ದಾರೆ, ಒಂದೊಂದು ವಲಯಕ್ಕೆ ಸರದಿ ಮೇಲೆ ನೀರು. ಅಲ್ಲೂ ಜಗಳ ಇಲ್ಲದಿಲ್ಲ, ಕಾಲುವೆ ಕೊನೇ ಹೊಲದವರ ಗೋಳು ಎಲ್ಲರಿಗೂ ಗೊತ್ತು. ಆದರೆ ಅಣೆಯ ತೂಬು ಯಾರ ಅಡಿಗೆಮನೇಲೂ ಇಲ್ಲ. ನಮ್ಮ ಲೈನಿನ ತೂಬು ನನ್ನ ನಡುಮನೇಲಿತ್ತು. ದುಡ್ಡು ಸಮ ಹಾಕಿದರೂ ತೂಬಿನ ಬೀಗ ಒಬ್ಬರ ಕೈಲಿದ್ದರೆ ಮಿಕ್ಕವರು ಕೈ ಒಡ್ಡಬೇಕಾಗುತ್ತೆ. ಅತ್ತಿಗೆ ಹೇಳಿದ್ದೂ ಅದನ್ನೇ.

ಮಗನನ್ನು ಕರೆಸಿ, ಮೂರು ಮನೆ ದುಡ್ಡು ಸೇರಿಸಿ ಒಂದು ರೌಟರ್ ಕೊಂಡೆವು. ಕೇಬಲ್ಲನ್ನು ಕಂಪ್ಯೂಟರಿಂದ ಬಿಡಿಸಿ ರೌಟರಿಗೆ ಹಾಕಿ, ಎಲ್ಲರೂ ಕೂರೋ ಜಗುಲಿ ಮೇಲಿಟ್ಟೆವು. ಅದಕ್ಕೆ ಬೇಕಾದ ಕರೆಂಟು ಒಂದು ಸಣ್ಣ ಬಲ್ಬಿನಷ್ಟೇ. ಈಗ ಕಂಪ್ಯೂಟರ್ ಮಲಗಿದರೂ ಲೈನು ಇರುತ್ತೆ. ಆದರೆ ರೌಟರ್ ಬಂದ ಮಾತ್ರಕ್ಕೆ ಲೈನು ದೊಡ್ಡದಾಗೋದಿಲ್ಲ. ಅದಕ್ಕೇ ಸರದಿ ಬರೆದು ಗೋಡೆಗೆ ಅಂಟಿಸಿದೆವು. ಸಂಜೆ ಆರರಿಂದ ಎಂಟು ಮಕ್ಕಳ ಪಾಠಕ್ಕೆ, ಒಂಬತ್ತಕ್ಕೆ ಅತ್ತಿಗೆಗೆ, ಕೊಬ್ಬರಿ ವಿಡಿಯೋ ಹತ್ತರ ಮೇಲೆ. ನಮ್ಮ ಹಿಮ್ಮೇಳ ಮಾತ್ರ ಇನ್ನೂ ಸರಿಹೋಗಿಲ್ಲ. ತಾಳ ಕೂಡೋದಕ್ಕೆ ಎದುರುಬದರು ಕೂರಲೇಬೇಕು. ಅಲ್ಲಿವರೆಗೆ ಒಬ್ಬೊಬ್ಬರು ಹಾಡಿ ರೆಕಾರ್ಡ್ ಮಾಡಿ ಕಳಿಸ್ತೀವಿ.

ಹೀಗೆ ಮಾಡಬೇಕು ಅನ್ನೋರಿಗೆ ಒಂದು ಮಾತು. ಲೈನು ಯಾರ ಹೆಸರಲ್ಲಿದೆಯೋ, ಅದರಲ್ಲಿ ಯಾರು ಏನು ಮಾಡಿದರೂ ಮೊದಲು ಕೇಳೋದು ಅವರನ್ನೇ. ಬೇರೆ ಮನೆಗೆ ಕೊಡೋ ಮುಂಚೆ ಕಂಪನಿಯ ಕರಾರು ಓದಿಸಿ ಕೇಳಿ. ಮೇಷ್ಟ್ರುಗಳಲ್ಲೂ ಒಂದು ಬಿನ್ನಹ. ಮಕ್ಕಳಿಗೆ ಪಾಠ ಕಳಿಸುವಾಗ ಬರಹದಲ್ಲಿ ಆಗೋದನ್ನು ವಿಡಿಯೋ ಮಾಡಬೇಡಿ. ಒಂದೇ ಹೊತ್ತಿಗೆ ಎಲ್ಲರೂ ನೋಡಿ ಅನ್ನಲೂಬೇಡಿ. ಒಂದು ಲೈನಲ್ಲಿ ಮೂರು ಮನೆ ಮಕ್ಕಳಿರ್ತಾರೆ.

ಅತ್ತಿಗೆ ಈಗ ಬಾಗಿಲು ತಟ್ಟೋದಿಲ್ಲ. ಜಗುಲಿ ಮೇಲೆ ಕೂತು ಮೊಮ್ಮಗನ ಹತ್ತಿರ ಮಾತಾಡ್ತಾರೆ. ಅವನು ಪದ ಕೇಳಬೇಕು ಅಂತ ಹಟ ಮಾಡಿದ ದಿನ ಮಾತ್ರ ನನ್ನನ್ನು ಕೂಗ್ತಾರೆ.