ಕರಾವಳಿಯಲ್ಲಿ ನ್ಯಾಯದ ಹಾದಿ

ಉಡುಪಿ ಎಂದೊಡನೆ ಪರಸ್ಥಳದವರ ಮನಸ್ಸಿಗೆ ಬರುವುದು ಕನಕನ ಕಿಂಡಿ, ಮಧ್ವಸರೋವರ, ಅಷ್ಟಮಠಗಳ ರಥಬೀದಿ. ಆದರೆ ಈ ಊರಿಗೆ ದಿನವೂ ಬರುವವರೆಲ್ಲರೂ ದೇವರ ದರ್ಶನಾರ್ಥಿಗಳಲ್ಲ. ಬಗಲಲ್ಲಿ ಕಾಗದದ ಕಟ್ಟನ್ನಿರಿಸಿಕೊಂಡು ಬೆಳಗಿನ ಬಸ್ಸಿನಿಂದಿಳಿದು, ನೆಟ್ಟಗೆ ಕೋರ್ಟಿನ ಕಡೆಗೆ ನಡೆಯುವ ಇನ್ನೊಂದು ವರ್ಗವುಂಟು. ಅವರದೂ ಒಂದು ಬಗೆಯ ಯಾತ್ರೆಯೇ. ದೇವರ ದರ್ಶನ ಒಂದು ದಿನದಲ್ಲಿ ಮುಗಿಯುತ್ತದೆ. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ.

ಹಿಂದೆ ಈ ಯಾತ್ರೆ ಇನ್ನೂ ದೀರ್ಘವಾಗಿತ್ತು. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದ ಕಾಲದಲ್ಲಿ, ಉಡುಪಿಯ ಕಕ್ಷಿಗಾರನು ಜಿಲ್ಲಾ ನ್ಯಾಯಾಲಯಕ್ಕೆಂದು ಮಂಗಳೂರಿಗೂ ಹೈಕೋರ್ಟಿಗೆಂದು ಮದರಾಸಿಗೂ ಹೋಗಬೇಕಾಗಿತ್ತು. ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ವ್ಯಾಜ್ಯ ಸಾಗಿದ್ದೂ ಅದೇ ದಾರಿಯಲ್ಲಿ. 1951ರ ಮದರಾಸು ಧಾರ್ಮಿಕ ದತ್ತಿ ಕಾಯಿದೆಯನ್ನು ಮಠದ ಶ್ರೀಗಳು ಮದರಾಸು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ವಿಷಯ ದೆಹಲಿಯವರೆಗೆ ಹೋಗಿ, 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಮೂರ್ತಿಗಳು ತೀರ್ಪಿತ್ತರು. ಒಂದು ಧರ್ಮಕ್ಕೆ ಅತ್ಯಗತ್ಯವಾದುದು ಯಾವುದೆಂಬುದನ್ನು ಮೊದಲಿಗೆ ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕೆಂಬುದು ಅದರ ಸಾರ. ರಥಬೀದಿಯಲ್ಲಿ ಹುಟ್ಟಿದ ಆ ಪ್ರಶ್ನೆಯನ್ನು ದೇಶದ ನ್ಯಾಯಾಲಯಗಳು ಇಂದಿಗೂ ಚರ್ಚಿಸುತ್ತಿವೆ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೈಕೋರ್ಟಿನ ದಾರಿ ಬೆಂಗಳೂರಿಗೆ ತಿರುಗಿತು. 1997ರಲ್ಲಿ ಉಡುಪಿಯೇ ಜಿಲ್ಲೆಯಾಯಿತು. ತರುವಾಯ ಜಿಲ್ಲಾ ನ್ಯಾಯಾಲಯವೂ ಇಲ್ಲಿಗೇ ಬಂತು. ಹೀಗೆ ನ್ಯಾಯವು ಮೆಲ್ಲಮೆಲ್ಲನೆ ಮನೆಯ ಸಮೀಪಕ್ಕೆ ಬಂದಿದೆ. ಆದರೆ ಸಮೀಪ ಬಂದ ಮಾತ್ರಕ್ಕೆ ಸುಲಭವಾಯಿತೇ? ಈ ಪ್ರಶ್ನೆಯೊಡನೆ ತೆಂಕಣ ದಾರಿ ಹಿಡಿದರೆ ಮೊದಲು ಸಿಗುವುದು ಕಾಪು.

ಕಾಪುವಿನ ಕಡಲ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ದೋಣಿಗಳಿಗೆ ದಾರಿ ತೋರಿಸುತ್ತದೆ. ಊರಿನ ನಡುವೆ ಹಾಯ್ದಿರುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಸ್ವಭಾವ ಬೇರೆ. ಸಮುದ್ರದಿಂದ ಕ್ಷೇಮವಾಗಿ ಮರಳಿದವನು ರಸ್ತೆ ದಾಟುವಾಗ ಬೀಳಬಹುದು. ದುಡಿಯುವ ಕೈಯನ್ನು ಕಳೆದುಕೊಂಡ ಮನೆಗೆ ಹೊತ್ತಿಗೆ ಸರಿಯಾಗಿ ದೊರಕುವ ಪರಿಹಾರವೇ ನ್ಯಾಯ. ಮೊದಲು ಅಪಘಾತ ನಡೆದ ಪ್ರದೇಶದ ನ್ಯಾಯಮಂಡಳಿಗೇ ಅರ್ಜಿ ಹಾಕಬೇಕಾಗಿತ್ತು. ದೂರದೂರಿನಲ್ಲಿ ಮಗ ಸತ್ತರೆ ತಾಯಿ ಆ ಊರಿಗೇ ಅಲೆಯಬೇಕು! 1994ರ ತಿದ್ದುಪಡಿಯಿಂದ, ಅರ್ಜಿದಾರರು ತಾವು ವಾಸಿಸುವ ಪ್ರದೇಶದಲ್ಲಿಯೇ ಕೇಳಬಹುದೆಂದಾಯಿತು. ಇಂಥ ಎಷ್ಟೋ ಪ್ರಕರಣಗಳು ಲೋಕ ಅದಾಲತ್ತಿನಲ್ಲಿ ರಾಜಿಯಾಗುತ್ತವೆ. ಅಲ್ಲಿ ಕಟ್ಟಿದ ಕೋರ್ಟು ಶುಲ್ಕ ಹಿಂತಿರುಗುತ್ತದೆ. ತೀರ್ಮಾನದ ಮೇಲೆ ಅಪೀಲಿಲ್ಲ. ಅದು ವರವೂ ಹೌದು, ಎಚ್ಚರ ಬೇಕಾದ ಜಾಗವೂ ಹೌದು. ಒಲೆ ಉರಿಯದ ಮನೆಯವರು ಸಿಕ್ಕಿದಷ್ಟಕ್ಕೇ ಸಹಿ ಹಾಕಿಬಿಡುವ ಅಪಾಯವುಂಟು. ಮಹಿಳೆಯರಿಗೆ, ಆದಾಯವೆಷ್ಟೇ ಇರಲಿ, ಸರ್ಕಾರದ ವೆಚ್ಚದಲ್ಲಿ ವಕೀಲರ ನೆರವು ದೊರೆಯುತ್ತದೆಂಬ ಸಂಗತಿ ಎಷ್ಟು ಮನೆಗಳಿಗೆ ತಿಳಿದಿದೆ?

ಕಾಪುವಿನಿಂದ ಒಳನಾಡಿಗೆ ಹೊರಳಿದರೆ ಕಾರ್ಕಳ. ಬಂಡೆಯ ಮೇಲೆ 1432ರಲ್ಲಿ ನಿಂತ 42 ಅಡಿಯ ಬಾಹುಬಲಿ ದೂರದಿಂದಲೇ ಕಾಣುತ್ತಾನೆ. ಈ ಮೂರ್ತಿಯೊಡನೆ ತುಳುವರು ಹಾಡುವ ಒಂದು ಅನ್ಯಾಯದ ಕಥೆಯೂ ಇದೆ. ಇಂಥದೇ ಮೂರ್ತಿಯನ್ನು ಬೇರೆಲ್ಲೂ ಕಡೆಯಬಾರದೆಂದು ಅರಸನು ಶಿಲ್ಪಿ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಅರಸನೇ ಅಪರಾಧಿಯಾದರೆ ದೂರು ಕೊಡುವುದೆಲ್ಲಿ? ಕಲ್ಕುಡನೂ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಸೇಡು ತೀರಿಸಿಕೊಂಡರೆಂದು ಜನ ನಂಬಿದರು. ಕೇಳುವ ಕಿವಿ ಭೂಮಿಯ ಮೇಲೆ ಇಲ್ಲದಾಗ ಜನ ಅದನ್ನು ದೈವದಲ್ಲಿ ಹುಡುಕಿದರು.

ಆ ಕಿವಿಯನ್ನು ಭೂಮಿಗೆ ತರುವ ಪ್ರಯತ್ನಗಳು ಇಲ್ಲಿ ಹಲವು ನಡೆದಿವೆ. 1949ರ ಅಳಿಯಸಂತಾನ ಕಾಯಿದೆ ಕೂಡುಕುಟುಂಬಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು. ಗುತ್ತಿನ ಮನೆಗಳ ಜಗಲಿಯಲ್ಲಿದ್ದ ಮಾತು ಕೋರ್ಟಿನ ಕಟ್ಟೆ ಹತ್ತಿತು. 1974ರಲ್ಲಿ ಭೂಸುಧಾರಣೆ ಜಾರಿಗೆ ಬಂದಾಗ ಚಾಲಗೇಣಿ ಒಕ್ಕಲುಗಳು ‘ಡಿಕ್ಲರೇಶನ್’ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಬಡ ಒಕ್ಕಲು ಹಣವಂತರ ವಕೀಲರೆದುರು ಸೋಲಬಾರದೆಂದು ಅಲ್ಲಿ ವಕೀಲರಿಗೇ ಪ್ರವೇಶವಿರಲಿಲ್ಲ. ಆ ನಿರ್ಬಂಧ ಸಲ್ಲದೆಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಡೆಯನೂ ಒಕ್ಕಲೂ ಸರಿಸಮವಾಗಿ ನಿಂತು ಉತ್ತರಿಸಿದ ಆ ದಿನಗಳನ್ನು ಈ ಸೀಮೆ ಮರೆತಿಲ್ಲ.

ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳಗಳನ್ನು ಹಾದು ಬಂದರೆ ಮಣಿಪಾಲದ ಗುಡ್ಡ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಈ ಗುಡ್ಡದಲ್ಲಿ ಇಂದು ಜಿಲ್ಲಾಡಳಿತದ ‘ರಜತಾದ್ರಿ’ ಕಟ್ಟಡವೂ ಇದೆ. ನ್ಯಾಯದ ಹೊಸ ಕಾಲಕ್ಕೆ ಈ ಊರೇ ಸರಿಯಾದ ಹಿನ್ನೆಲೆ. 1860ರ ದಂಡಸಂಹಿತೆ ಹೋಗಿ, 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ. ಪೊಲೀಸರು ಮನೆ ಶೋಧಿಸುವಾಗ ಚಿತ್ರೀಕರಣ ನಡೆಯಬೇಕು. ಏಳು ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆಯಾಗಬಲ್ಲ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವ ಕ್ರಮ ಹಂತಹಂತವಾಗಿ ಜಾರಿಗೆ ಬರಬೇಕು. ವೈದ್ಯರು ತಾವಿದ್ದಲ್ಲಿಂದಲೇ ತೆರೆಯ ಮೇಲೆ ಸಾಕ್ಷಿ ಹೇಳಬಹುದು. ಅಮೀನನು ಕೊಡೆ ಹಿಡಿದು ಗದ್ದೆಯ ಹುಣಿಯ ಮೇಲೆ ನಡೆದು ತರುತ್ತಿದ್ದ ಸಮನ್ಸು ಮೊಬೈಲಿಗೆ ಬರಬಹುದು. ವಾಯಿದೆ ಯಾವಾಗೆಂದು ತಿಳಿಯಲು ಬಸ್ಸು ಹತ್ತಬೇಕಾಗಿಲ್ಲ. ಮೊಕದ್ದಮೆಯ 16 ಅಕ್ಷರಾಂಕಗಳ ಗುರುತನ್ನು ಒತ್ತಿದರೆ ಸಾಕು.

ಇವೆಲ್ಲ ಸ್ವಾಗತಾರ್ಹವೇ. ಆದರೆ ಘಟ್ಟದ ಬುಡದ ಹಳ್ಳಿಯ ಅಜ್ಜಿಯೊಬ್ಬಳು ಸಾಕ್ಷಿ ನುಡಿಯುವುದು ತುಳುವಿನಲ್ಲಿ. ಬರಹಕ್ಕೆ ಇಳಿಯುವಾಗ ಅದು ಕನ್ನಡವಾಗುತ್ತದೆ. ಹೈಕೋರ್ಟಿಗೆ ಹೋಗುವಾಗ ಇಂಗ್ಲಿಷಾಗುತ್ತದೆ. ಪ್ರತಿಯೊಂದು ಹೊಳೆ ದಾಟುವಾಗಲೂ ಮಾತಿನ ಭಾರ ಒಂದಿಷ್ಟು ಇಳಿಯುತ್ತದೆ. ಈಗ ಅದರ ಮೇಲೆ ತೆರೆಯೊಂದು ಸೇರಿದೆ. ಪಾಟೀಸವಾಲಿನಲ್ಲಿ ಅವಳು ಮೌನವಾದರೆ, ಅದು ಹೆದರಿಕೆಯೋ, ಸುಳ್ಳೋ, ಸಿಗ್ನಲ್ ಇಲ್ಲದ್ದೋ ಎಂದು ತಿಳಿಯುವವರಾರು?

ದಾರಿ ಹತ್ತಿರವಾಗಿದೆ, ಕಾಗದ ಹಗುರಾಗಿದೆ, ವೇಗ ಹೆಚ್ಚಿದೆ. ಉಳಿದಿರುವುದು ಕೇಳುವ ತಾಳ್ಮೆ. ಕಲ್ಕುಡನಿಗೆ ದೊರೆಯದೆ ಹೋದದ್ದು ಅದೇ. ಮುಂದಿನ ಕಾಲದ ನ್ಯಾಯಾಲಯಗಳನ್ನು ಈ ನಾಡಿನ ಜನ ಅಳೆಯುವುದು ಯಂತ್ರಗಳ ಲೆಕ್ಕದಿಂದಲ್ಲ. ಆ ತಾಳ್ಮೆಯ ಲೆಕ್ಕದಿಂದ.